ಊರಲ್ಲೇ ಇರುತ್ತಿದ್ದ ಹೆಡ್ ಮಾಸ್ತರು

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 150ಎ ಎಂಬ ಹೆಸರು ಬಂದಿದೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಈ ರಸ್ತೆಯಲ್ಲಿ ಯಾವ ಬಸ್ ಹತ್ತಿದರೂ ಮಾಸ್ತರರೇ ಕಾಣುತ್ತಾರೆ. ಹೆಗಲಿಗೆ ಬ್ಯಾಗು, ಬ್ಯಾಗಿನಲ್ಲಿ ಊಟದ ಡಬ್ಬಿ, ಕೈಯಲ್ಲಿ ಮೊಬೈಲು. ಹಳ್ಳಿಯ ಕ್ರಾಸು ಬಂದಾಗಲೊಮ್ಮೆ ಇಬ್ಬರು ಮೂವರು ಇಳಿಯುತ್ತಾರೆ. ಸಂಜೆ ಐದರ ಹೊತ್ತಿಗೆ ಅದೇ ಕ್ರಾಸಿನಲ್ಲಿ ಅವರೇ ಮತ್ತೆ ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ. ಬಸ್ಸು ಹೊರಟಿತೆಂದರೆ ಮರುದಿನ ಬೆಳಗಿನವರೆಗೆ ಆ ಊರಿಗೂ ಅದರ ಹೈಸ್ಕೂಲಿಗೂ ಸಂಬಂಧವಿಲ್ಲ. ನಾವು ಓದುವಾಗ ಹೀಗಿರಲಿಲ್ಲ. ನಮ್ಮ ಹೆಡ್ ಮಾಸ್ತರು ಊರಲ್ಲೇ ಇರುತ್ತಿದ್ದರು.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಮಸ್ಕಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ, ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. ಮಸ್ಕಿಗೂ ಸಿಂಧನೂರಿಗೂ ನಡುವಿನ ಒಂದು ಊರಲ್ಲಿ ನಮ್ಮ ಸಣ್ಣ ಹೈಸ್ಕೂಲು. ಎಂಟು, ಒಂಬತ್ತು, ಹತ್ತು, ಮೂರೇ ತರಗತಿ. ಕಲ್ಲಿನ ಗೋಡೆ, ತಗಡಿನ ಮಾಡು. ಮಳೆ ಬಂದರೆ ಪಾಠ ಕೇಳಿಸುತ್ತಿರಲಿಲ್ಲ, ಬಿಸಿಲಾದರೆ ಬೇವಿನ ಮರದ ಕೆಳಗೆ ತರಗತಿ. ಗಂಟೆಯೆಂದರೆ ಮರಕ್ಕೆ ತೂಗುಹಾಕಿದ ಕಬ್ಬಿಣದ ಹಳಿಯ ತುಂಡು. ಅದರ ಸದ್ದು ಎರಿಹೊಲದಲ್ಲಿ ಕಸ ತೆಗೆಯುವವರಿಗೂ ಕೇಳುತ್ತಿತ್ತು. ಹೊತ್ತು ಎಷ್ಟಾಯಿತೆಂದು ಅವರು ಅದರಿಂದಲೇ ಲೆಕ್ಕ ಹಾಕುತ್ತಿದ್ದರು.

ಆ ಶಾಲೆ ನಮ್ಮ ಹಿರಿಯರಿಗೆ ಎಷ್ಟು ದೊಡ್ಡದಾಗಿ ಕಂಡಿತ್ತೆಂಬುದು ತಿಳಿಯಬೇಕಾದರೆ ಇನ್ನಷ್ಟು ಹಿಂದೆ ಹೋಗಬೇಕು. ನಿಜಾಮರ ಕಾಲದಲ್ಲಿ ನಮ್ಮ ಭಾಗದಲ್ಲಿ ಮೇಲಿನ ತರಗತಿಗಳೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ಹುಡುಗ ಲೆಕ್ಕವನ್ನೂ ಚರಿತ್ರೆಯನ್ನೂ ಉರ್ದುವಿನಲ್ಲಿ ಕಲಿಯಬೇಕು. ಅದೂ ಪಟ್ಟಣಕ್ಕೆ ಹೋಗಿ ಇರುವ ಅನುಕೂಲವಿದ್ದವರಿಗೆ ಮಾತ್ರ. ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ದು ನಮ್ಮ ಹಿರಿಯರಿಗೆ ಊರಿಂದೂರಿಗೆ ಹೇಳಿಕೊಂಡು ಬರುವಂಥ ಸುದ್ದಿಯಾಗಿತ್ತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ನಾವು ಕನ್ನಡ ನಾಡಿಗೆ ಸೇರಿದೆವು. ಆಮೇಲೆ ಒಂದೊಂದೇ ಊರಿಗೆ ಕನ್ನಡ ಹೈಸ್ಕೂಲು ಬಂತು. ಆದರೆ ಕಲಿಸುವವರು ಎಲ್ಲಿಂದ ಬರಬೇಕು? ಡಿಗ್ರಿ ಮುಗಿಸಿದವರು ನಮ್ಮಲ್ಲಿ ವಿರಳ. ಧಾರವಾಡ, ಗದಗ, ವಿಜಾಪುರದ ಕಡೆಯಿಂದ ಮಾಸ್ತರರು ಬಂದರು. ಟ್ರಂಕು ಹಿಡಿದು ಬಸ್ಸಿಳಿದ ಎಳೆಯ ಹುಡುಗರು ನಮ್ಮ ಬಿಸಿಲಿಗೆ ಕಪ್ಪಾಗಿ, ನಮ್ಮ ಖಾರಕ್ಕೆ ಒಗ್ಗಿಕೊಂಡು, ಕೆಲವರು ಇಲ್ಲೇ ಹೊಲಮನೆ ಮಾಡಿಕೊಂಡು ನಮ್ಮವರೇ ಆದರು.

ನಮ್ಮ ಹೆಡ್ ಮಾಸ್ತರೂ ಹಾಗೆ ಬಂದವರು. ಬಿಳಿ ಧೋತರ, ಬಿಳಿ ಅಂಗಿ, ಕರಿ ಟೊಪ್ಪಿಗೆ. ಊರ ನಡುವಿನ ಮನೆಯೊಂದರಲ್ಲಿ ಎರಡು ಖೋಲಿ ಹಿಡಿದಿದ್ದರು. ಹೆಡ್ ಮಾಸ್ತರಾದವರು ಹತ್ತನೇ ತರಗತಿಗೆ ಪಾಠ ಮಾಡುವುದು ಎಲ್ಲ ಕಡೆಯ ರೂಢಿ, ಫಲಿತಾಂಶ ಅಲ್ಲೇ ಬರುವುದಲ್ಲ. ಇವರು ಮಾತ್ರ ಎಂಟನೇ ತರಗತಿಯ ಗಣಿತವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಸುತ್ತಲಿನ ಹಳ್ಳಿಗಳಿಂದ, ತಾಂಡಾಗಳಿಂದ, ಕ್ಯಾಂಪುಗಳಿಂದ ಬಂದ ಮಕ್ಕಳು ಮೊದಲು ಸಿಗುವುದು ಎಂಟರಲ್ಲಿ. ಯಾರಿಗೆ ಭಾಗಾಕಾರ ಬರುವುದಿಲ್ಲ, ಯಾರಿಗೆ ಒತ್ತಕ್ಷರ ಬರುವುದಿಲ್ಲ, ಯಾವ ಹುಡುಗ ಬೆಳಿಗ್ಗೆ ಉಣ್ಣದೇ ಬರುತ್ತಾನೆ, ಎಲ್ಲವೂ ಅವರಿಗೆ ಆಷಾಢ ಮುಗಿಯುವುದರೊಳಗೆ ಗೊತ್ತಾಗಿಬಿಡುತ್ತಿತ್ತು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಅವರಿಗೆ ಗುರುತಿಲ್ಲದ ಮಗು ಶಾಲೆಯಲ್ಲಿ ಇರುತ್ತಿರಲಿಲ್ಲ.

ಕ್ಯಾಂಪುಗಳೆಂದೆ. ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಸುತ್ತ ಆಂಧ್ರದ ರೈತರು ಬಂದು ನೆಲೆಸಿದರು. ಬಂಗಾಳಿ ನಿರಾಶ್ರಿತರಿಗೂ ಸರ್ಕಾರ ಇಲ್ಲೇ ಜಮೀನು ಕೊಟ್ಟು ವಸತಿ ಮಾಡಿಸಿತು. ಹೀಗಾಗಿ ನಮ್ಮ ಬೆಂಚಿನ ಮೇಲೆ ಕನ್ನಡ, ತೆಲುಗು, ಬಂಗಾಳಿ, ಲಂಬಾಣಿ, ಉರ್ದು ಎಲ್ಲ ಒಟ್ಟಿಗೆ ಕೂತಿರುತ್ತಿದ್ದವು. ಆ ಮಕ್ಕಳಿಗೆ ಕನ್ನಡ ಕಲಿಸುವುದಕ್ಕೆ ಯಾವ ತರಬೇತಿಯೂ ಇರಲಿಲ್ಲ, ಯಾವ ಮಾಡ್ಯೂಲೂ ಇರಲಿಲ್ಲ. ಕನ್ನಡದ ಮಾಸ್ತರು ಆ ಹುಡುಗರನ್ನು ಸಂಜೆ ನಿಲ್ಲಿಸಿಕೊಂಡು ಸಂತೆಯ ಮಾತು, ಹೊಲದ ಮಾತು, ಹಬ್ಬದ ಮಾತು ಆಡಿಸುತ್ತಿದ್ದರು. ಎರಡು ವರ್ಷಕ್ಕೆ ಬಂಗಾಳಿ ಹುಡುಗ ನಮಗಿಂತ ದುಂಡಗೆ ಕನ್ನಡ ಬರೆಯುತ್ತಿದ್ದ.

ಗಣಿತದ ಪಾಠ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ತ್ರಾಪಿಜ್ಯದ ವಿಸ್ತೀರ್ಣ ಬಂದಾಗ ಹೆಡ್ ಮಾಸ್ತರು ಹಲಗೆಯ ಮೇಲೆ ಒಂದು ಚಿತ್ರ ಬರೆದು ನಿಲ್ಲಿಸಿದರು. ನಂತರ ನಮ್ಮನ್ನೆಲ್ಲ ಊರಾಚೆಯ ಉಪಕಾಲುವೆಗೆ ಕರೆದುಕೊಂಡು ಹೋದರು. ನೀರು ನಿಲ್ಲಿಸಿದ ದಿನಗಳವು. ಮೇಲಿನ ಅಗಲ, ತಳದ ಅಗಲ, ಆಳ, ಎಲ್ಲವನ್ನೂ ಹಗ್ಗ ಹಿಡಿದು ನಾವೇ ಅಳೆದೆವು. ಕಾಲುವೆಗೆ ನೀರು ಬಿಟ್ಟ ಮೇಲೆ ಮತ್ತೆ ಅಲ್ಲಿಗೇ ಹೋದೆವು. ಜೋಳದ ದಂಟಿನ ತುಂಡು ತೇಲಿಬಿಟ್ಟು, ನೂರು ಅಡಿ ಸಾಗಲು ಎಷ್ಟು ಹೊತ್ತು ಹಿಡಿಯಿತೆಂದು ಅವರ ಕೈಗಡಿಯಾರದಲ್ಲಿ ನೋಡಿದೆವು. ವಿಸ್ತೀರ್ಣಕ್ಕೆ ವೇಗ ಗುಣಿಸಿ ಎಷ್ಟು ಕ್ಯುಸೆಕ್ ನೀರು ಹರಿಯುತ್ತಿದೆಯೆಂದು ಲೆಕ್ಕ ತೆಗೆದೆವು. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅವತ್ತು ರಾತ್ರಿ ಕಾಲುವೆಯ ಕೊನೆಭಾಗದ ಹೊಲದ ಹುಡುಗನೊಬ್ಬ ಮನೆಗೆ ಹೋಗಿ, ನಮ್ಮ ಪಾಲಿನ ನೀರು ನಮಗೆ ಮುಟ್ಟುತ್ತಿಲ್ಲವೆಂದು ಅಪ್ಪನಿಗೆ ಅಂಕಿ ಸಮೇತ ತೋರಿಸಿದ. ಮರುದಿನ ಆ ಅಪ್ಪ ಶಾಲೆಗೇ ಬಂದು, "ಸರ, ಆ ಲೆಕ್ಕ ನನಗೂ ಹೇಳಿಕೊಡ್ರಿ" ಎಂದು ಬಾಗಿಲಲ್ಲಿ ನಿಂತಿದ್ದರು. ಹೆಡ್ ಮಾಸ್ತರು ಅವರನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂಡಿಸಿ ಹೇಳಿಕೊಟ್ಟರು.

ಚರಿತ್ರೆಯ ಪಾಠಕ್ಕೆ ಮಸ್ಕಿಗೇ ಹೋಗುತ್ತಿದ್ದೆವು. ನಸುಕಿನಲ್ಲಿ ಹೊರಟು, ಹುಡುಗಿಯರಿಗೂ ರೊಟ್ಟಿಯ ಗಂಟುಗಳಿಗೂ ಒಂದು ಬಂಡಿ ಮಾಡಿಕೊಂಡು, ಉಳಿದವರು ನಡೆದು. ಮಸ್ಕಿ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೂ ದೇವಾನಾಂಪ್ರಿಯ ಎಂದು ಬರೆಸಿಕೊಂಡ ಈ ರಾಜ ಅಶೋಕನೇ ಎಂದು ಖಚಿತವಾಗಿ ಹೇಳುವ ಶಾಸನ ಬಹುಕಾಲ ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನದ ಹುಡುಕಾಟದಲ್ಲಿದ್ದ ಬೀಡನ್ ಎಂಬ ಎಂಜಿನಿಯರ್‌ನ ಕಣ್ಣಿಗೆ ನಮ್ಮ ಮಸ್ಕಿಯ ಈ ಬಂಡೆ ಬಿತ್ತು. ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿತ್ತು. ಇಷ್ಟನ್ನು ಹೇಳಿ ಮಾಸ್ತರು ಕೇಳುತ್ತಿದ್ದರು: "ಎಲ್ಲಿಯ ಪಾಟಲಿಪುತ್ರ, ಎಲ್ಲಿಯ ಮಸ್ಕಿ? ಅಲ್ಲಿ ಕುಂತ ರಾಜ ಇಲ್ಲಿ ಯಾಕ ಬರೆಸಿದಾನು, ಹೇಳ್ರಿ ನೋಡೋಣ." ನಾವು ತಲೆ ಕೆರೆದುಕೊಳ್ಳುತ್ತಿದ್ದೆವು. ಹಟ್ಟಿಯ ಗಣಿಯಲ್ಲಿ ದುಡಿಯುವ ಒಬ್ಬರ ಮಗ, "ಬಂಗಾರಕ್ಕ ಇರಬೇಕ್ರಿ ಸರ" ಎಂದ. ಮಾಸ್ತರು ಎದ್ದು ಹೋಗಿ ಅವನ ಬೆನ್ನು ತಟ್ಟಿದರು. ಹಟ್ಟಿಯ ಸುತ್ತ ಎರಡು ಸಾವಿರ ವರ್ಷಗಳ ಹಿಂದೆಯೂ ಚಿನ್ನಕ್ಕಾಗಿ ಅಗೆದ ಗುರುತುಗಳಿವೆಯೆಂದು ಆಮೇಲೆ ವಿವರಿಸಿದರು. ಧರ್ಮದಲ್ಲಿ ನಡೆದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಮೇಲೇರುವುದು ಸಾಧ್ಯವೆಂಬ ಅರ್ಥದ ಮಾತು ಆ ಶಾಸನದಲ್ಲಿದೆ. ಅದನ್ನು ಅವರು ಎಳೆಎಳೆಯಾಗಿ ಬಿಡಿಸಿ ಹೇಳಿದಾಗ ಹರಿದ ಚಡ್ಡಿಯ ಹುಡುಗರು ಬಂಡೆಯನ್ನು ನೋಡುತ್ತಿದ್ದ ನೋಟ ನನ್ನ ಕಣ್ಣಿಗೆ ಕಟ್ಟಿದೆ.

ಒಳ್ಳೆಯ ಮಾಸ್ತರರು ಅಲ್ಲೊಬ್ಬರು ಇಲ್ಲೊಬ್ಬರು ಎಲ್ಲ ಕಾಲಕ್ಕೂ ಇದ್ದಾರೆ, ಈಗಲೂ ಇದ್ದಾರೆ. ನಮ್ಮ ಶಾಲೆಯಲ್ಲಿ ಇದ್ದದ್ದು ಬೇರೆ. ಅಲ್ಲಿ ಸಾಧಾರಣ ಮಾಸ್ತರೂ ಚೆನ್ನಾಗಿ ಕಲಿಸುತ್ತಿದ್ದರು, ಏಕೆಂದರೆ ಮೇಲಿದ್ದವರು ಹಾಗಿದ್ದರು. ಹೊಸದಾಗಿ ಬಂದ ವಿಜ್ಞಾನದ ಮಾಸ್ತರ ತರಗತಿಯಲ್ಲಿ ಹೆಡ್ ಮಾಸ್ತರು ಹಿಂದಿನ ಬೆಂಚಿಗೆ ಬಂದು ನಮ್ಮ ಜೊತೆ ಕೂತುಬಿಡುತ್ತಿದ್ದರು. ಪಾಠದ ನಡುವೆ ಒಂದು ಮಾತೂ ಆಡುತ್ತಿರಲಿಲ್ಲ. ಸಂಜೆ ಇಬ್ಬರೂ ಹಳ್ಳದ ಕಡೆ ತಿರುಗಾಡಲು ಹೋಗುತ್ತಿದ್ದರು, ಹೇಳುವುದೆಲ್ಲ ಅಲ್ಲಿ. ಆ ಹೊಸ ಮಾಸ್ತರಿಗೆ ಊರಲ್ಲಿ ಖೋಲಿ ಕೊಡಿಸಿದ್ದೂ ಇವರೇ, ಖೋಲಿ ಸಿಗುವವರೆಗೆ ತಮ್ಮ ಮನೆಯಲ್ಲಿ ಊಟಕ್ಕೆ ಹಾಕಿದ್ದೂ ಇವರೇ. ಅಂಥವರು ಇರುವಾಗ ತರಗತಿಗೆ ತಡವಾಗಿ ಬರುವ ಮನಸ್ಸು ಯಾರಿಗಾದರೂ ಬಂದೀತೆ?

ಇನ್ನೊಂದನ್ನು ಹೇಳಲೇಬೇಕು. ಶಾಲೆಯ ವರಾಂಡದಲ್ಲಿ ನೀರಿನ ಹರವಿ ಇರುತ್ತಿತ್ತು. ಅದನ್ನು ತುಂಬಿಸುವ ಪಾಳಿಯಲ್ಲಿ ಒಂದು ವಾರ ಕೇರಿಯ ಹುಡುಗನ ಹೆಸರು ಬಂತು. ಅವತ್ತು ಮಧ್ಯಾಹ್ನ ಹರವಿಯ ಹತ್ತಿರ ಯಾರೂ ಸುಳಿಯಲಿಲ್ಲ. ಹೆಡ್ ಮಾಸ್ತರು ಖೋಲಿಯಿಂದ ಹೊರಗೆ ಬಂದು, ಆ ಹುಡುಗನ ಕೈಯಿಂದಲೇ ತಂಬಿಗೆ ನೀರು ತೆಗೆಸಿಕೊಂಡು, ಎಲ್ಲರ ಎದುರಿಗೆ ಗಟಗಟ ಕುಡಿದು ಒಳಗೆ ಹೋದರು. ಭಾಷಣವಿಲ್ಲ, ಬೈಗುಳವಿಲ್ಲ. ಊರಲ್ಲಿ ಎರಡು ದಿನ ಗುಸುಗುಸು ನಡೆಯಿತು. ಮೂರನೇ ದಿನ ಎಲ್ಲರೂ ಕುಡಿದರು.

ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವುದು ನಮ್ಮ ಕಡೆ ಇವತ್ತಿಗೂ ನಿಂತಿಲ್ಲ. ಗಂಟುಮೂಟೆ ಕಟ್ಟಿ, ಮಕ್ಕಳನ್ನೂ ಕರೆದುಕೊಂಡು, ಕೂಲಿ ಸಿಗುವ ಕಡೆಗೆ. ಆ ದಿನಗಳಲ್ಲಿ ಹೆಡ್ ಮಾಸ್ತರು ಕತ್ತಲಾದ ಮೇಲೆ ಓಣಿ ಓಣಿ ತಿರುಗುತ್ತಿದ್ದರು. "ಯಮ್ಮಾ, ನೀವು ಹೋಗ್ರಿ, ಹುಡುಗನ್ನ ಮುದುಕಿ ಹತ್ರ ಬಿಟ್ಟು ಹೋಗ್ರಿ. ಪರೀಕ್ಷೆ ಮುಗಿಯೋತನಕ ನಾನು ನೋಡ್ಕೋತೀನಿ." ನೋಡಿಕೊಳ್ಳುವುದೆಂದರೆ ನಿಜವಾಗಿ ನೋಡಿಕೊಳ್ಳುವುದು. ಪರೀಕ್ಷೆಗೆ ಎರಡು ತಿಂಗಳಿರುವಾಗ ಹತ್ತನೇ ತರಗತಿಯ ಗಂಡುಹುಡುಗರೆಲ್ಲ ರಾತ್ರಿ ಶಾಲೆಯಲ್ಲೇ ಮಲಗಬೇಕು. ಕಂದೀಲು, ಕಂಬಳಿ, ಪುಸ್ತಕ. ಹತ್ತು ಗಂಟೆಯವರೆಗೆ ಓದು, ನಸುಕಿನ ನಾಲ್ಕಕ್ಕೆ ಮತ್ತೆ ಎಬ್ಬಿಸುವುದು. ಒಂದು ಮೂಲೆಯಲ್ಲಿ ಹೆಡ್ ಮಾಸ್ತರರ ಹಾಸಿಗೆ. ಹುಡುಗಿಯರಿಗೆ ಹೊತ್ತು ಮುಳುಗುವುದರೊಳಗೆ ಅವರ ಮನೆಯಲ್ಲೇ ಪಾಠ, ಹೆಡ್ ಮಾಸ್ತರರ ಹೆಂಡತಿಯ ಎದುರಿಗೆ. ಆ ತಾಯಿ ನಮಗೆಲ್ಲ ಅಕ್ಕೋರು. ಅವರು ಮಾಡುತ್ತಿದ್ದ ಗುರೆಳ್ಳು ಚಟ್ನಿಪುಡಿಯ ಖಾರ ಇನ್ನೂ ನಾಲಿಗೆಯ ಮೇಲಿದೆ.

ಪರೀಕ್ಷಾ ಕೇಂದ್ರ ಇದ್ದದ್ದು ಸಿಂಧನೂರಿನಲ್ಲಿ. ವಾರದ ರೊಟ್ಟಿ, ಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಎಲ್ಲರೂ ಒಂದೇ ಬಸ್ಸಿನಲ್ಲಿ ಹೋಗಿ ಗುಡಿಯೊಂದರ ಪೌಳಿಯಲ್ಲಿ ಇಳಿದುಕೊಳ್ಳುತ್ತಿದ್ದೆವು. ಮಾಸ್ತರರೂ ನಮ್ಮ ಜೊತೆಗೇ. ಫಲಿತಾಂಶದ ನಂಬರುಗಳು ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದ ಕಾಲ. ಪತ್ರಿಕೆಯ ಕಟ್ಟು ಬರುವ ಬಸ್ಸಿಗೆ ನಮಗಿಂತ ಮೊದಲು ಹೆಡ್ ಮಾಸ್ತರು ಹೋಗಿ ನಿಂತಿರುತ್ತಿದ್ದರು. ನಂಬರು ಇಲ್ಲದ ಹುಡುಗರ ಮನೆಗೆ ಅವತ್ತೇ ಹೋಗುತ್ತಿದ್ದರು. ಪಾಸಾದವರ ಮನೆಗೆ ಮರುದಿನ.

ಎಲ್ಲವೂ ಚೆನ್ನಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಹುಣಸಿ ಬರಲಿನ ಏಟಿಗೆ ಹೆದರಿ ಶಾಲೆ ಬಿಟ್ಟವರಿದ್ದರು. ನಮ್ಮ ತರಗತಿಯಲ್ಲಿ ಹುಡುಗಿಯರು ಬೆರಳೆಣಿಕೆ. ದೂರದ ಹಳ್ಳಿಯ ಹುಡುಗಿಗೆ ಏಳನೆಯದು ಮುಗಿದರೆ ಓದು ಮುಗಿದಂತೆ. ಹಸಿದು ಬರುತ್ತಿದ್ದವರು ಎಷ್ಟೋ ಮಂದಿ. ಅವರಿಗೆ ಹೆಡ್ ಮಾಸ್ತರರ ಮನೆಯ ರೊಟ್ಟಿ ಎಷ್ಟಕ್ಕೆ ಸಾಕಾದೀತು? ಅದಕ್ಕೇ 2002ರಲ್ಲಿ ನಮ್ಮ ಭಾಗದ ಜಿಲ್ಲೆಗಳಿಂದಲೇ ಬಿಸಿಯೂಟ ಶುರುವಾದಾಗ, 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಬಂದಾಗ, 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂದಾಗ ನಾನು ಮನಸಾರೆ ಸಂತೋಷಪಟ್ಟೆ. ಸಮವಸ್ತ್ರ ತೊಟ್ಟ ಹುಡುಗಿಯರ ಸಾಲು ಸೈಕಲ್ ತುಳಿದುಕೊಂಡು ಕಾಲುವೆ ಏರಿಯ ಮೇಲೆ ಬರುವುದನ್ನು ನೋಡಿದಾಗ, ಇದನ್ನು ನೋಡಲು ಅಕ್ಕೋರು ಇರಬೇಕಿತ್ತು ಅನ್ನಿಸಿತ್ತು.

ಕಟ್ಟಡವೂ ಬಂದಿದೆ. ತಗಡು ಹೋಗಿ ಆರ್‌ಸಿಸಿ ಬಂದಿದೆ, ಕಂಪ್ಯೂಟರ್ ಇದೆ, ಗೋಡೆಗೆ ಬಣ್ಣ ಇದೆ. ಹೆಡ್ ಮಾಸ್ತರರ ಖೋಲಿಯಲ್ಲಿ ತಿರುಗುವ ಕುರ್ಚಿ ಇದೆ. ಅದರಲ್ಲಿ ಕೂರಬೇಕಾದವರಿಲ್ಲ. ಕಾಯಂ ಮುಖ್ಯಗುರುಗಳ ಹುದ್ದೆ ಖಾಲಿ. ಇದ್ದವರಲ್ಲಿ ಹಿರಿಯರೊಬ್ಬರಿಗೆ ಪ್ರಭಾರ. ಅವರು ತಮ್ಮ ವಿಷಯ ಕಲಿಸಬೇಕು, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ ಇಡಬೇಕು, ಆನ್‌ಲೈನಿನಲ್ಲಿ ಮಕ್ಕಳ ಮಾಹಿತಿ ತುಂಬಬೇಕು, ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಸುತ್ತೋಲೆಗೆ ಸಂಜೆಯೊಳಗೆ ಉತ್ತರ ಕಳಿಸಬೇಕು, ಸಭೆಗೆಂದು ತಾಲ್ಲೂಕಿಗೆ ಓಡಬೇಕು. ಸಹೋದ್ಯೋಗಿಯೊಬ್ಬರು ತಡವಾಗಿ ಬಂದರೆ ಕೇಳುವ ಅಧಿಕಾರ ಕಾಗದದ ಮೇಲೆ ಇರಬಹುದು, ನಾಳೆ ಮತ್ತೆ ಅವರ ಪಕ್ಕದಲ್ಲೇ ಕೂರಬೇಕಲ್ಲ! ಇನ್ನೊಬ್ಬರ ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರಲು ಅವರಿಗೆ ಹೊತ್ತೆಲ್ಲಿದೆ, ಎದೆಯೆಲ್ಲಿದೆ? ಗಣಿತಕ್ಕೋ ಇಂಗ್ಲಿಷಿಗೋ ಅತಿಥಿ ಶಿಕ್ಷಕರು. ಬರುವ ವರ್ಷ ಇರುತ್ತೇವೆಯೋ ಇಲ್ಲವೋ ಎಂಬುದು ಗೊತ್ತಿಲ್ಲದ ಆ ಹುಡುಗರು ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯುತ್ತಾ ಕಲಿಸುತ್ತಿದ್ದಾರೆ. ಕಾಯಂ ಇದ್ದವರಿಗಿಂತ ಚೆನ್ನಾಗಿ ಕಲಿಸುವವರೂ ಅವರಲ್ಲಿದ್ದಾರೆ. ಅವರನ್ನು ಕಂಡರೆ ನನಗೆ ಕರುಳು ಚುರ್ ಅನ್ನುತ್ತದೆ.

ಬಸ್ಸಿನಲ್ಲಿ ಓಡಾಡುವ ಮಾಸ್ತರರನ್ನು ಸುಮ್ಮನೆ ಬೈಯುವುದೂ ನ್ಯಾಯವಲ್ಲ. ಹಳ್ಳಿಯಲ್ಲಿ ಅವರಿಗೆ ಬಾಡಿಗೆಗೆ ಒಳ್ಳೆಯ ಮನೆ ಸಿಗುವುದಿಲ್ಲ. ಅವರ ಮಕ್ಕಳು ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ ಓದಬೇಕು. ನಾವು, ಊರವರು, ನಮ್ಮ ಮಕ್ಕಳನ್ನು ವ್ಯಾನು ಹತ್ತಿಸಿ ಅದೇ ಶಾಲೆಗಳಿಗೆ ಕಳಿಸುತ್ತಿರುವಾಗ ಅವರಿಗಷ್ಟೇ ಏಕೆ ಬುದ್ಧಿ ಹೇಳಬೇಕು? ಚುರುಕಾದ ಮಕ್ಕಳನ್ನು ಪ್ರವೇಶ ಪರೀಕ್ಷೆ ಮಾಡಿ ಮೊರಾರ್ಜಿ ಶಾಲೆಗೋ ಆದರ್ಶ ವಿದ್ಯಾಲಯಕ್ಕೋ ಆರನೇ ತರಗತಿಗೇ ಒಯ್ಯುತ್ತಾರೆ. ಆ ಮಕ್ಕಳಿಗೆ ಅದು ಒಳ್ಳೆಯದೇ. ಹಳ್ಳಿಯ ಹೈಸ್ಕೂಲಿಗೆ ಮಾತ್ರ ಅದು ಹಾಲಿನ ಮೇಲಿನ ಕೆನೆ ತೆಗೆದಂತಾಯಿತು. ಬೆಂಚಿನಲ್ಲಿ ಪಕ್ಕದವನಿಗೆ ಲೆಕ್ಕ ಹೇಳಿಕೊಡುತ್ತಿದ್ದ ಹುಡುಗನೇ ಈಗ ತರಗತಿಯಲ್ಲಿಲ್ಲ.

ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂತು, ಕೌನ್ಸೆಲಿಂಗ್ ಬಂತು. ಶಾಸಕರ ಮನೆ ಬಾಗಿಲು ಕಾಯುವ ಸಂಕಟ ಎಷ್ಟೋ ಕಡಿಮೆಯಾಯಿತು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೇ ನೌಕರಿ ಸಿಗುತ್ತಿದೆ. ಧಾರವಾಡದ ಮಾಸ್ತರರಿಗಾಗಿ ಕಾಯಬೇಕಿಲ್ಲ. ನಮ್ಮದೇ ಮಣ್ಣಿನ ಮಾಸ್ತರರಿರುವಾಗ ಈ ಹೈಸ್ಕೂಲುಗಳು ಹಿಂದೆಂದಿಗಿಂತ ಚೆನ್ನಾಗಿರಬೇಕಿತ್ತು. ಆದರೆ 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳನ್ನು ವೆಬ್‌ಕಾಸ್ಟಿಂಗ್ ಕ್ಯಾಮೆರಾ ಕಾವಲಿಗೆ ಒಳಪಡಿಸಿದಾಗ ಏನಾಯಿತೆಂದು ನೋಡಿದೆವಲ್ಲ. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಈಗ ಜನವರಿ ಬಂದರೆ ಪಾಸಿಂಗ್ ಪ್ಯಾಕೇಜು. ಇಷ್ಟು ಪ್ರಶ್ನೆ ಬಾಯಿಪಾಠ ಮಾಡಿದರೆ ಇಷ್ಟು ಅಂಕ. ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸಲು ಮೊಬೈಲಿನಿಂದ ಕರೆ. ಎಬ್ಬಿಸುವ ದನಿ ಪಟ್ಟಣದಲ್ಲಿದೆ, ಏಳಬೇಕಾದ ಮಗು ಹಳ್ಳಿಯಲ್ಲಿ ಮತ್ತೆ ಮುಸುಕೆಳೆದುಕೊಳ್ಳುತ್ತದೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕೊಠಡಿಗಳು ಏಳುತ್ತಿವೆ, ಏಳಲಿ. ಆ ಹಣದಲ್ಲೇ ಹಳ್ಳಿಯ ಒಂದೊಂದು ಹೈಸ್ಕೂಲಿನ ಪಕ್ಕಕ್ಕೂ ಮುಖ್ಯಗುರುಗಳಿಗೊಂದು ಒಳ್ಳೆಯ ಮನೆ ಕಟ್ಟಿಸಲಿ. ಪ್ರಭಾರದವರನ್ನು ಬಿಟ್ಟು ಕಾಯಂ ಮುಖ್ಯಗುರುಗಳನ್ನು ಕೊಡಲಿ. ಬಂದವರು ಐದು ವರ್ಷವಾದರೂ ಅಲ್ಲೇ ಇರುವಂತೆ ನೋಡಿಕೊಳ್ಳಲಿ. ಕಾಗದದ ಕೆಲಸಕ್ಕೆ ಒಬ್ಬ ಗುಮಾಸ್ತನನ್ನು ಕೊಟ್ಟು ಅವರಿಗೆ ಪಾಠ ಮಾಡಲು ಬಿಡಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹಳ್ಳಿ ಹೈಸ್ಕೂಲುಗಳಲ್ಲಿ ಓದಿ ಈಗ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುವವರಿಗೆ ನನ್ನದೊಂದು ಮಾತು. ಜಾತ್ರೆಗೆ ಊರಿಗೆ ಬಂದಾಗ ಒಂದು ಹೊತ್ತು ನಿಮ್ಮ ಶಾಲೆಗೆ ಹೋಗಿ ಬನ್ನಿ. ಸ್ಮಾರ್ಟ್ ಟಿವಿ ಕೊಡಿಸುವ ಮೊದಲು, ಇಲ್ಲಿ ಕಾಯಂ ಹೆಡ್ ಮಾಸ್ತರು ಇದ್ದಾರೆಯೇ, ಗಣಿತಕ್ಕೆ ಯಾರಿದ್ದಾರೆ ಎಂದು ಕೇಳಿ. ಇಲ್ಲವೆಂದರೆ ಊರ ಹಿರಿಯರನ್ನು ಕರೆದುಕೊಂಡು ರಾಯಚೂರಿನ ಉಪನಿರ್ದೇಶಕರ ಕಚೇರಿಗೆ ಹೋಗಿ, ಹುದ್ದೆ ತುಂಬುವವರೆಗೂ ಕೇಳುತ್ತಿರಿ.